ಓಡುವವನ ಕಾಲುನೋವಿನ ಚರಿತ್ರೆ

ಜನವರಿ ತಿಂಗಳ ಒಂದು ಭಾನುವಾರ, ಇನ್ನೂ ಬೆಳಕು ಹರಿಯುವ ಮೊದಲೇ, ಮುಂಬಯಿಯ ಬೋರಿಬಂದರಿನ ಸುತ್ತಮುತ್ತ ಸಾವಿರಾರು ಮಂದಿ ಚಡ್ಡಿ ಬನಿಯನ್ ತೊಟ್ಟು ಜಮಾಯಿಸುತ್ತಾರೆ. 2004ರಲ್ಲಿ ಆರಂಭವಾದ ಮುಂಬಯಿ ಮ್ಯಾರಥಾನ್ ಓಟದ ದಿನವದು. ಅವರಲ್ಲಿ ಬ್ಯಾಂಕಿನವರಿದ್ದಾರೆ, ಗೃಹಿಣಿಯರಿದ್ದಾರೆ, ಹೋಟೆಲು ನಡೆಸುವವರಿದ್ದಾರೆ, ನಿವೃತ್ತರಾದ ಮೇಲೆ ಓಡಲು ಕಲಿತ ಅಜ್ಜಂದಿರಿದ್ದಾರೆ. ನಮ್ಮ ಕನ್ನಡಿಗರೂ ಧಾರಾಳವಾಗಿದ್ದಾರೆ. ಓಟದ ಚಿತ್ರಗಳು ಮರುದಿನದ ಪತ್ರಿಕೆಗಳಲ್ಲಿ ಬರುತ್ತವೆ. ಆದರೆ ಆ ಒಂದು ದಿನಕ್ಕಾಗಿ ನಾಲ್ಕು ತಿಂಗಳು ಬೆವರು ಸುರಿಸಿ, ಕೊನೆಗೆ ಹಿಮ್ಮಡಿ ನೋವೆಂದೋ ಮಂಡಿ ನೋವೆಂದೋ ಮನೆಯಲ್ಲೇ ಉಳಿದವರ ಸುದ್ದಿ ಎಲ್ಲೂ ಬರುವುದಿಲ್ಲ. ಅಂಥವರ ಸಾಲಿನಲ್ಲಿ ಒಂದು ವರ್ಷ ನಾನೂ ಇದ್ದೆ.

ಹಾಗೆ ಮನೆಯಲ್ಲಿ ಕುಳಿತಿದ್ದಾಗ ಓದಿದ್ದರ ಫಲ ಈ ಲೇಖನ. ನಾನು ವೈದ್ಯನಲ್ಲ, ಬಿ.ಎಸ್ಸಿ. ಓದಿ ಕಡತಗಳ ಲೋಕ ಸೇರಿದ ಗುಮಾಸ್ತ. ಆದರೆ ಕಡತ ನೋಡುವವನಿಗೆ ಒಂದು ಅಭ್ಯಾಸ ಬಿದ್ದುಬಿಡುತ್ತದೆ. ಯಾವ ಟಿಪ್ಪಣಿ ಕಣ್ಣಿಗೆ ಬಿದ್ದರೂ, ಇದನ್ನು ಮೊದಲು ಬರೆದವರು ಯಾರು, ಯಾವ ಆಧಾರದ ಮೇಲೆ ಬರೆದರು ಎಂದು ಹಿಂದಿನ ಹಾಳೆಗಳನ್ನು ತಿರುವಿ ನೋಡುವುದು. ಇಂಥ ಬೂಟು ಹಾಕು, ಹೀಗೆ ಕಾಲಿಡು, ಈ ವ್ಯಾಯಾಮ ಮಾಡು ಎಂದು ಓಡುವವನಿಗೆ ಇಂದು ಕಂಡಕಂಡವರೆಲ್ಲ ಕೊಡುವ ಉಪದೇಶಗಳ ಹಿಂದಿನ ಹಾಳೆಗಳನ್ನು ತಿರುವಿದಾಗ ಕಂಡದ್ದು ಬಹಳ ಸ್ವಾರಸ್ಯವಾಗಿದೆ.

ಈ ಕಡತದ ಮೊದಲ ಹಾಳೆ ಓಟಗಾರನದ್ದಲ್ಲ, ಸಿಪಾಯಿಯದ್ದು. 1855ರಲ್ಲಿ ಪ್ರಷ್ಯಾ ದೇಶದ ಸೈನ್ಯದ ವೈದ್ಯ ಬ್ರೈಟ್‌ಹಾಪ್ಟ್ ಎಂಬವರು ಒಂದು ವಿಚಿತ್ರವಾದ ಕಾಯಿಲೆಯನ್ನು ವರ್ಣಿಸಿದರು. ದೂರದೂರದ ಕವಾಯತು ನಡಿಗೆಯ ನಂತರ ಸಿಪಾಯಿಗಳ ಪಾದ ಊದಿಕೊಳ್ಳುತ್ತಿತ್ತು, ನೆಲಕ್ಕೆ ಊರಲಾಗದಷ್ಟು ನೋಯುತ್ತಿತ್ತು. ಅವರು ಬಿದ್ದಿರಲಿಲ್ಲ, ಏಟು ತಿಂದಿರಲಿಲ್ಲ, ಗಾಯವಂತೂ ಇರಲೇ ಇಲ್ಲ. ನಾರುಗಳ ಸುತ್ತ ಇರುವ ಪೊರೆಗಳ ಉರಿಯೂತವಿರಬೇಕೆಂದು ಆ ವೈದ್ಯರು ಊಹಿಸಿದರು. ಒಳಗೆ ಇಣುಕಿ ನೋಡಲು ಆ ಕಾಲದಲ್ಲಿ ಉಪಾಯವಿರಲಿಲ್ಲ. 1895ರಲ್ಲಿ ರಾಂಟ್‌ಜೆನ್ ಕ್ಷಕಿರಣವನ್ನು ಕಂಡುಹಿಡಿದ ಮೇಲೆ, 1897ರಲ್ಲಿ ಸ್ಟೆಖೋವ್ ಎಂಬ ಮತ್ತೊಬ್ಬ ಸೈನ್ಯದ ವೈದ್ಯರು ಅಂಥ ಪಾದಗಳ ಚಿತ್ರ ತೆಗೆದು ನೋಡಿದರು. ಬೆರಳುಗಳ ಹಿಂದಿರುವ ನೀಳವಾದ ಎಲುಬುಗಳು ಮುರಿದಿದ್ದವು! ಒಂದೇ ಏಟಿಗೆ ಮುರಿದದ್ದಲ್ಲ. ಸಾವಿರಾರು ಸಣ್ಣ ಏಟುಗಳಿಗೆ ಬಿರುಕು ಬಿಟ್ಟದ್ದು. ವೈದ್ಯಶಾಸ್ತ್ರದಲ್ಲಿ ಅದಕ್ಕೆ ‘ಮಾರ್ಚ್ ಫ್ರಾಕ್ಚರ್’, ಅಂದರೆ ಕವಾಯತು ಮುರಿತ, ಎಂಬ ಹೆಸರು ಉಳಿಯಿತು.

ಇಲ್ಲಿ ಒಂದು ಉಪಕಥೆ ಹೇಳಲೇಬೇಕು. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಬಳಿ ಇಂಜಿನಿನ ಅಚ್ಚು ತುಂಡಾಗಿ ಭೀಕರವಾದ ರೈಲು ಅಪಘಾತವಾಯಿತು. ಗಟ್ಟಿಮುಟ್ಟಾದ ಕಬ್ಬಿಣ, ಹೊರಬಲ್ಲಷ್ಟೇ ಭಾರ ಹೊತ್ತಿದ್ದರೂ, ಒಂದು ದಿನ ಏಕಾಏಕಿ ಮುರಿಯುವುದೇಕೆ? ಬ್ರೈಟ್‌ಹಾಪ್ಟರು ಸಿಪಾಯಿಗಳ ಪಾದ ನೋಡುತ್ತಿದ್ದ ಅದೇ ದಶಕದಲ್ಲಿ, ಅದೇ ಪ್ರಷ್ಯಾದಲ್ಲಿ, ಔಗುಸ್ಟ್ ವೋಲರ್ ಎಂಬ ರೈಲ್ವೆ ಇಂಜಿನಿಯರರು ಅಚ್ಚುಗಳನ್ನು ಮತ್ತೆ ಮತ್ತೆ ಬಾಗಿಸಿ ತಿರುಗಿಸಿ ಪ್ರಯೋಗ ನಡೆಸುತ್ತಿದ್ದರು. ಒಮ್ಮೆಗೆ ಏನೂ ಮಾಡಲಾರದ ಸಣ್ಣ ಭಾರವೇ ಲಕ್ಷಾಂತರ ಸಲ ಬಿದ್ದರೆ ಲೋಹ ಬಳಲಿ ಮುರಿಯುತ್ತದೆ ಎಂದು ಅವರು ತೋರಿಸಿಕೊಟ್ಟರು. ಒಬ್ಬರು ಅಚ್ಚಿನಲ್ಲಿ ಕಂಡದ್ದೂ ಇನ್ನೊಬ್ಬರು ಪಾದದಲ್ಲಿ ಕಂಡದ್ದೂ ಹೆಚ್ಚುಕಡಿಮೆ ಒಂದೇ ಸಂಗತಿ.

ಹೆಚ್ಚುಕಡಿಮೆ ಎಂದೆ, ಏಕೆಂದರೆ ಒಂದು ದೊಡ್ಡ ವ್ಯತ್ಯಾಸವಿದೆ. ಕಬ್ಬಿಣ ಸತ್ತ ವಸ್ತು, ಎಲುಬು ಜೀವಂತ. ಬರ್ಲಿನ್ನಿನ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿ ಪ್ರಕಟಿಸಿದ ಗ್ರಂಥದ ಸಾರವೇ ಇದು: ಭಾರ ಬಿದ್ದ ಕಡೆ ಎಲುಬು ತನ್ನನ್ನು ತಾನೇ ಬಲಪಡಿಸಿಕೊಳ್ಳುತ್ತದೆ, ಭಾರ ತಪ್ಪಿದ ಕಡೆ ತೆಳುವಾಗುತ್ತದೆ. ಆದರೆ ಈ ರಿಪೇರಿ ಕೆಲಸಕ್ಕೆ ಕಾಲಾವಕಾಶ ಬೇಕು. ಹಳೆಯ ಎಲುಬನ್ನು ಮೊದಲು ತಿಂದು ತೆಗೆದು, ಆಮೇಲೆ ಹೊಸದನ್ನು ತುಂಬುವ ಕ್ರಮವದು. ಮನೆಯ ಗೋಡೆ ಭದ್ರಪಡಿಸಲು ಹೋದ ಮೇಸ್ತ್ರಿ ಮೊದಲು ಹಳೆಯ ಗಾರೆ ಕೆತ್ತಿ ಹಾಕುತ್ತಾನಲ್ಲ, ಹಾಗೆ. ನಡುವಿನ ಕೆಲವು ವಾರಗಳು ಗೋಡೆ ಮೊದಲಿಗಿಂತ ದುರ್ಬಲವಾಗಿರುತ್ತದೆ. ಆ ಹೊತ್ತಿನಲ್ಲಿ ಹೊಸ ಸಿಪಾಯಿಯನ್ನು ಇನ್ನೂ ದೂರ ನಡೆಸಿದರೆ ಆಗುವುದೇನೆಂದು ಸ್ಟೆಖೋವರ ಚಿತ್ರಗಳಲ್ಲಿತ್ತು. ಎಲುಬಿಗೆ ಮಾತ್ರವಲ್ಲ, ಸ್ನಾಯುವನ್ನು ಎಲುಬಿಗೆ ಬಿಗಿಯುವ ನಾರುಗಳಿಗೂ ಭಾರ ಬೇಕು, ಬಿಡುವೂ ಬೇಕು. ಓಡುವವನ ಕಾಲುನೋವಿನ ಮುಖ್ಯ ಸೂತ್ರ ಹೀಗೆ ನೂರು ವರ್ಷಕ್ಕೂ ಹಿಂದೆಯೇ ಕೈಗೆ ಸಿಕ್ಕಿತ್ತು. ಮುಂದಿನ ಕಥೆಯೆಲ್ಲ ಅದನ್ನು ಮರೆತು ಮತ್ತೆ ಹುಡುಕಿದ ಕಥೆ.

ಗುಮಾಸ್ತನ ಲೆಕ್ಕವನ್ನೂ ಒಮ್ಮೆ ನೋಡಿಬಿಡಿ. ಓಡುವಾಗ ಪ್ರತಿ ಹೆಜ್ಜೆಗೂ ನೆಲ ನಮ್ಮ ತೂಕದ ಸುಮಾರು ಎರಡೂವರೆ ಪಟ್ಟು ಬಲದಿಂದ ಪಾದವನ್ನು ತಳ್ಳುತ್ತದೆ. ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ ಸಾವಿರ ಹೆಜ್ಜೆ, ಅಂದರೆ ಒಂದೊಂದು ಕಾಲಿಗೆ ಐನೂರು. 65 ಕಿಲೋ ತೂಕದ ಮನುಷ್ಯ 10 ಕಿಲೋಮೀಟರು ಓಡಿದರೆ, ಎಲ್ಲ ಹೆಜ್ಜೆಗಳನ್ನು ಕೂಡಿಸಿ, ಒಂದೊಂದು ಕಾಲಿನ ಖಾತೆಗೆ ಎಂಟುನೂರು ಟನ್ನು ಜಮೆಯಾಗುತ್ತದೆ!

ಇನ್ನು ಬೂಟಿನ ವಿಚಾರ. ಓಟದ ಬೂಟು ಹುಟ್ಟಿದ್ದು ಕಾಲನ್ನು ಕಾಯಲು ಅಲ್ಲ, ಪಂದ್ಯ ಗೆಲ್ಲಲು. ಇಂಗ್ಲೆಂಡಿನ ಬೋಲ್ಟನ್ನಿನಲ್ಲಿ ಫಾಸ್ಟರ್ ಎಂಬವರು 1890ರ ದಶಕದಲ್ಲಿ ಮೊಳೆ ಬೂಟು ಮಾಡಿ ಮಾರಿದರು. ಜರ್ಮನಿಯ ಡಾಸ್ಲರ್ ಸೋದರರ ಮೊಳೆ ಬೂಟು ತೊಟ್ಟು ಜೆಸ್ಸಿ ಓವೆನ್ಸ್ 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಓಡಿದರು. ರಸ್ತೆಯ ಮೇಲೆ ಓಡುವ ಸಾಮಾನ್ಯರಿಗೆ ತೆಳ್ಳನೆಯ ರಬ್ಬರ್ ಅಟ್ಟೆಯ ಕ್ಯಾನ್ವಾಸ್ ಬೂಟೇ ಗತಿಯಾಗಿತ್ತು. ಸಾಮಾನ್ಯರು ಓಡುತ್ತಲೂ ಇರಲಿಲ್ಲವೆನ್ನಿ.

ಅದು ಬದಲಾದದ್ದು ನ್ಯೂಜಿಲೆಂಡಿನಿಂದ. ಅಲ್ಲಿನ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರರು ಬೂಟಿನ ಕಾರ್ಖಾನೆಯಲ್ಲಿ ದುಡಿದವರು. ಒಲಿಂಪಿಕ್ ವಿಜೇತರನ್ನು ತಯಾರು ಮಾಡಿದ್ದಲ್ಲದೆ, ಹೃದ್ರೋಗದಿಂದ ಚೇತರಿಸಿಕೊಂಡ ನಡುವಯಸ್ಸಿನವರನ್ನೂ ಆಕ್ಲೆಂಡಿನ ಬೀದಿಗಳಲ್ಲಿ ನಿಧಾನವಾಗಿ ಓಡಿಸಿದರು. 1962ರ ಕೊನೆಯಲ್ಲಿ ಅಮೆರಿಕದ ಆರಿಗನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದಾಗ, ಎಪ್ಪತ್ತು ದಾಟಿದ ಮುದುಕರೊಬ್ಬರ ಜೊತೆ ಓಡಲಾರದೆ ಏದುಸಿರು ಬಿಟ್ಟರಂತೆ. ಊರಿಗೆ ಮರಳಿದವರೇ ಯೂಜೀನ್ ಪಟ್ಟಣದ ಜನರನ್ನು ಓಡಿಸತೊಡಗಿದರು. 1967ರಲ್ಲಿ ಹೃದಯತಜ್ಞ ಹ್ಯಾರಿಸ್ ಅವರೊಡನೆ ‘ಜಾಗಿಂಗ್’ ಎಂಬ ಪುಸ್ತಕ ಬರೆದರು. ಬೋವರ್‌ಮನ್ನರಿಗೆ ಬೂಟು ಹೊಲಿಯುವ ಹುಚ್ಚೂ ಇತ್ತು. 1964ರಲ್ಲಿ ತಮ್ಮ ಶಿಷ್ಯ ಫಿಲ್ ನೈಟ್ ಜೊತೆ ಸೇರಿ ಜಪಾನಿನ ಒನಿತ್ಸುಕಾ ಬೂಟುಗಳನ್ನು ತರಿಸಿ ಮಾರುವ ಪಾಲುದಾರಿಕೆ ಆರಂಭಿಸಿದರು. ಮುಂದೆ ‘ನೈಕಿ’ ಎಂದು ಜಗತ್ಪ್ರಸಿದ್ಧವಾದದ್ದು ಅದೇ. 1971ರಲ್ಲಿ ಮಡದಿಯ ಅಡಿಗೆಮನೆಯಿಂದ ವ್ಯಾಫಲ್ ಎಂಬ ಗುಳಿಗುಳಿ ರೊಟ್ಟಿಯ ಅಚ್ಚನ್ನು (ನಮ್ಮ ಪಡ್ಡಿನ ಕಾವಲಿಯ ದೂರದ ನೆಂಟ ಎನ್ನಬಹುದು) ಎತ್ತಿಕೊಂಡು, ಅದರಲ್ಲಿ ರಬ್ಬರಿನಂಥ ದ್ರವ ಸುರಿದು ಹೊಸ ನಮೂನೆಯ ಅಟ್ಟೆ ಎರೆದರು. ಅಚ್ಚು ಹಾಳಾಯಿತು, ಅಟ್ಟೆ ಗೆದ್ದಿತು. ಆ ತುಕ್ಕು ಹಿಡಿದ ಅಚ್ಚು ಎಷ್ಟೋ ದಶಕಗಳ ಮೇಲೆ ಅವರ ಮನೆಯ ಕಸದ ಗುಂಡಿಯಲ್ಲಿ ಸಿಕ್ಕಿತು.

1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಫ್ರಾಂಕ್ ಶಾರ್ಟರ್ ಮ್ಯಾರಥಾನ್ ಗೆದ್ದದ್ದೇ ತಡ, ಅಮೆರಿಕದಲ್ಲಿ ಓಟದ ಜ್ವರ ಏರಿತು. 1970ರಲ್ಲಿ ನ್ಯೂಯಾರ್ಕ್ ಮ್ಯಾರಥಾನಿನ ಮೊದಲ ಓಟಕ್ಕೆ ಹೊರಟವರು 127 ಮಂದಿ, ಮುಗಿಸಿದವರು 55. ದಶಕದ ಕೊನೆಗೆ ಸಂಖ್ಯೆ ಹತ್ತು ಸಾವಿರ ದಾಟಿತು. ಅದುವರೆಗೆ ಕುರ್ಚಿಯಲ್ಲಿ ಕುಳಿತಿದ್ದ ಲಕ್ಷಾಂತರ ಕಾಲುಗಳು ಒಮ್ಮೆಲೇ ರಸ್ತೆಗಿಳಿದವು. ವೈದ್ಯರ ಬಾಗಿಲಲ್ಲಿ ಹೊಸ ಸಾಲು ನಿಂತಿತು.

ಬೂಟಿನ ಕ್ರಾಂತಿ ಹುಟ್ಟಿದ ಅದೇ ಯೂಜೀನ್ ಪಟ್ಟಣದಲ್ಲಿ ಸ್ಟಾನ್ ಜೇಮ್ಸ್ ಎಂಬ ಮೂಳೆ ವೈದ್ಯರಿದ್ದರು. ಅವರು ಬೇಟ್ಸ್ ಮತ್ತು ಆಸ್ಟರ್ನಿಗ್ ಎಂಬ ಸಹೋದ್ಯೋಗಿಗಳೊಂದಿಗೆ 1978ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕಡತದ ಅತ್ಯಂತ ಬೆಲೆಬಾಳುವ ಹಾಳೆ ಎಂದು ನನ್ನ ಅಭಿಪ್ರಾಯ. ತಮ್ಮಲ್ಲಿಗೆ ಬಂದ 180 ಓಟಗಾರರನ್ನು ಪರೀಕ್ಷಿಸಿ, ನೋವಿನ ಕಾರಣಗಳನ್ನು ವಿಂಗಡಿಸಿದರು. ಕಾಲಿನ ರಚನೆಯದ್ದು, ಬೂಟಿನದ್ದು, ನೆಲದ್ದು ಎಂದು ಬೇರೆಬೇರೆ ಕಾರಣಗಳಿದ್ದರೂ ಅರ್ಧಕ್ಕಿಂತ ಹೆಚ್ಚು ಪಾಲು ಅಭ್ಯಾಸದ ತಪ್ಪಿನದೇ. ಬಹಳ ದೂರ, ಬಹಳ ಬೇಗ, ಬಿಡುವಿಲ್ಲದೆ, ಏಕಾಏಕಿ ಗುಡ್ಡ ಹತ್ತುವುದು, ಇಂಥವು. ಬ್ರೈಟ್‌ಹಾಪ್ಟರ ಸಿಪಾಯಿಗಳ ಕಥೆಯೇ ಮತ್ತೆ ಬಂತು! ಆದರೆ ಆ ಪಟ್ಟಣದಿಂದ ಲೋಕಕ್ಕೆ ಹೋದದ್ದು ಬೂಟು. ಪ್ರಬಂಧ ಗ್ರಂಥಾಲಯದಲ್ಲಿ ಉಳಿಯಿತು. ತಾಳ್ಮೆಯನ್ನು ಪೆಟ್ಟಿಗೆಯಲ್ಲಿಟ್ಟು ಮಾರಲು ಬರುವುದಿಲ್ಲವಷ್ಟೆ.

ಇದೇ ಜೇಮ್ಸ್ ಅವರ ಇನ್ನೊಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. 1984ರ ಏಪ್ರಿಲಿನಲ್ಲಿ ಜೋನ್ ಬೆನಾಯ್ಟ್ ಎಂಬ ಅಮೆರಿಕದ ಓಟಗಾರ್ತಿಯ ಬಲ ಮಂಡಿ ಮಡಿಸಲಾಗದಂತೆ ಹಿಡಿದುಕೊಂಡಿತು. ಒಲಿಂಪಿಕ್ಸಿನ ಆಯ್ಕೆ ಓಟಕ್ಕೆ ಉಳಿದದ್ದು 17 ದಿನ. ಜೇಮ್ಸ್ ಸಣ್ಣ ರಂಧ್ರ ಮಾಡಿ, ದೂರದರ್ಶಕದಂಥ ನಳಿಗೆ ತೂರಿಸಿ, ಒಳಗೆ ಅಡ್ಡವಾಗಿದ್ದ ನಾರಿನಂಥ ಗಂಟನ್ನು ಕತ್ತರಿಸಿ ತೆಗೆದರು. ಆಕೆ ಆಯ್ಕೆ ಓಟ ಗೆದ್ದರು. ಆಗಸ್ಟ್ 5ರಂದು ಲಾಸ್ ಏಂಜಲಿಸಿನಲ್ಲಿ ನಡೆದ ಮೊತ್ತಮೊದಲ ಮಹಿಳಾ ಒಲಿಂಪಿಕ್ ಮ್ಯಾರಥಾನನ್ನೂ ಗೆದ್ದರು. ನಮ್ಮ ಪಿ.ಟಿ. ಉಷಾ ಸೆಕೆಂಡಿನ ನೂರನೆಯ ಒಂದು ಭಾಗದಿಂದ ಕಂಚು ಕಳೆದುಕೊಂಡ ಒಲಿಂಪಿಕ್ಸ್ ಅದೇ. ಶಸ್ತ್ರಚಿಕಿತ್ಸೆಯ ಇಂಥ ಪವಾಡಗಳು ಜನರ ಮನಸ್ಸಿನಲ್ಲಿ ನಿಲ್ಲುತ್ತವೆ. ಓಡುವವರ ನೋವಿನ ಬಹುಪಾಲು ಆ ಜಾತಿಯದ್ದಲ್ಲ ಎಂಬುದು ನಿಲ್ಲುವುದಿಲ್ಲ.

ಎಂಬತ್ತರ ದಶಕದಲ್ಲಿ ಅಪರಾಧಿಯ ಪಟ್ಟ ಪಾದಕ್ಕೆ ಬಂತು. ಹೆಜ್ಜೆ ಊರಿದಾಗ ಪಾದ ತುಸು ಒಳಕ್ಕೆ ವಾಲಿ ಕಮಾನು ಚಪ್ಪಟೆಯಾಗುವುದಕ್ಕೆ ‘ಪ್ರೊನೇಶನ್’ ಎನ್ನುತ್ತಾರೆ. ಅದು ಎಲ್ಲರಲ್ಲೂ ಇರುವ ಸಹಜ ಚಲನೆ. ಏಟನ್ನು ಹೀರಿಕೊಳ್ಳಲು ದೇಹ ಮಾಡಿಕೊಂಡ ಏರ್ಪಾಡು. ಅದು ಹೆಚ್ಚಾದರೆ ಮಂಡಿ ಕೆಡುತ್ತದೆ, ಆದ್ದರಿಂದ ಬೂಟಿನ ಒಳಬದಿಗೆ ಗಟ್ಟಿಯಾದ ಬೆಣೆ ಬೇಕು ಎಂಬ ವಾದ ಬಲವಾಯಿತು. ಒದ್ದೆ ಪಾದವನ್ನು ಕಾಗದದ ಮೇಲೆ ಊರಿ, ಗುರುತು ನೋಡಿ, ಚಪ್ಪಟೆ ಪಾದಕ್ಕೆ ಒಂದು ಜಾತಿ, ಮಧ್ಯಮಕ್ಕೆ ಒಂದು, ಎತ್ತರದ ಕಮಾನಿಗೆ ಇನ್ನೊಂದು ಎಂದು ಬೂಟುಗಳು ಮೂರು ವರ್ಣಗಳಾದವು.

ನಾನೂ ಆ ಪರೀಕ್ಷೆಗೆ ಒಳಗಾದವನೇ. ಅಂಗಡಿಯವನು ನನ್ನನ್ನು ಯಂತ್ರದ ಪಟ್ಟಿಯ ಮೇಲೆ ಎರಡು ನಿಮಿಷ ಓಡಿಸಿ, ತೆರೆಯ ಮೇಲೆ ನನ್ನ ಹಿಮ್ಮಡಿಯನ್ನು ನನಗೇ ತೋರಿಸಿ, ಕ್ಯಾನ್ಸರ್ ಪತ್ತೆ ಮಾಡಿದವನ ಗಾಂಭೀರ್ಯದಿಂದ "ಓವರ್‌ಪ್ರೊನೇಶನ್" ಎಂದ. ಸಂಬಳದ ಚೀಟಿಯಲ್ಲಿ ತೂತು ಕಾಣುವಷ್ಟು ಬೆಲೆಯ ಬೂಟು, ಅದರೊಳಗೆ ಇಡಲು ಬೇರೆ ಅಟ್ಟೆ, ಎರಡನ್ನೂ ಹೊತ್ತು ಮನೆಗೆ ಬಂದೆ. "ಓಡೋಕೆ ಖರ್ಚೇನೂ ಇಲ್ಲ ಅಂದಿದ್ರಲ್ಲಾ?" ಎಂದಳು ಮನೆಯಾಕೆ. ಹಿಮ್ಮಡಿ ನೋವು ಮಾತ್ರ ಆ ಬೂಟಿಗೆ ಜಗ್ಗಲಿಲ್ಲ.

ಈ ವಾದವನ್ನು ನಿಜವಾಗಿ ಪರೀಕ್ಷೆಗೆ ಒಡ್ಡಿದ್ದು ಎಷ್ಟು ತಡವಾಗಿ ಎಂಬುದೇ ಆಶ್ಚರ್ಯ. ಅಮೆರಿಕದ ಭೂಸೇನೆ, ವಾಯುಸೇನೆ, ಮರೀನ್ ದಳಗಳ ಸಾವಿರಾರು ಹೊಸ ಸಿಪಾಯಿಗಳ ಮೇಲೆ ನ್ಯಾಪಿಕ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳು ಪ್ರಕಟವಾದದ್ದು 2009 ಮತ್ತು 2010ರಲ್ಲಿ. ಅರ್ಧದಷ್ಟು ಜನರಿಗೆ ಪಾದದ ಆಕಾರ ನೋಡಿ ಬೂಟು ಕೊಟ್ಟರು. ಉಳಿದವರಿಗೆ ಆಕಾರ ಏನೇ ಇರಲಿ ಒಂದೇ ಬಗೆಯ ಬೂಟು. ಪೆಟ್ಟಾದವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಡೆನ್ಮಾರ್ಕಿನಲ್ಲಿ 927 ಹೊಸ ಓಟಗಾರರಿಗೆ ಒಂದೇ ಬಗೆಯ ಸಾದಾ ಬೂಟು ತೊಡಿಸಿ ಒಂದು ವರ್ಷ ಗಮನಿಸಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಳಕ್ಕೆ ವಾಲುವ ಪಾದದವರಿಗೆ ಹೆಚ್ಚು ನೋವೇನೂ ಆಗಿರಲಿಲ್ಲ. ಹಾಗೆಂದು ಬೂಟನ್ನು ಸಾರಾಸಗಟಾಗಿ ತಳ್ಳಿಹಾಕುವುದೂ ಸರಿಯಲ್ಲ. 2016ರಲ್ಲಿ ಲಕ್ಸೆಂಬರ್ಗಿನಲ್ಲಿ 372 ಜನರ ಮೇಲೆ ನಡೆದ ಅಧ್ಯಯನದಲ್ಲಿ ಬೆಣೆ ಇರುವ ಬೂಟು ಅಂಥ ಪಾದದವರಿಗೆ ಸ್ವಲ್ಪ ರಕ್ಷಣೆ ಕೊಟ್ಟಿತು. ಅದೇ ತಂಡ 2020ರಲ್ಲಿ 848 ಜನರ ಮೇಲೆ ನಡೆಸಿದ ಇನ್ನೊಂದರಲ್ಲಿ ಗಡಸು ಅಟ್ಟೆಗಿಂತ ಮೆತ್ತನೆಯ ಅಟ್ಟೆ ತುಸು ಮೇಲೆನಿಸಿತು. ಬೂಟಿಗೆ ಪಾತ್ರವಿದೆ, ನಾಯಕನ ಪಾತ್ರವಲ್ಲ.

ಚಪ್ಪಟೆ ಪಾದದ ಮಾತು ಬಂದಾಗ ನಮ್ಮ ಕರಾವಳಿಯ ಒಂದು ಸಂಶೋಧನೆಯನ್ನು ಹೇಳದಿದ್ದರೆ ತಪ್ಪಾದೀತು. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ರಾವ್ ಮತ್ತು ಬೆಂಜಮಿನ್ ಜೋಸೆಫ್ ಎಂಬ ಮೂಳೆ ತಜ್ಞರು 4ರಿಂದ 13 ವರ್ಷದೊಳಗಿನ 2300 ಮಕ್ಕಳ ಹೆಜ್ಜೆಗುರುತುಗಳನ್ನು ಪರೀಕ್ಷಿಸಿ, 1992ರಲ್ಲಿ ಬ್ರಿಟನ್ನಿನ ಹೆಸರಾಂತ ಮೂಳೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಪಾದರಕ್ಷೆ ತೊಡುವ ಮಕ್ಕಳಲ್ಲಿ ಶೇಕಡ 8.6 ಮಂದಿಗೆ ಚಪ್ಪಟೆ ಪಾದ. ಬರಿಗಾಲಿನ ಮಕ್ಕಳಲ್ಲಿ ಶೇಕಡ 2.8 ಮಾತ್ರ. ಮುಂಗಾಲು ಮುಚ್ಚುವ ಬೂಟಿನವರಿಗಿಂತ ಚಪ್ಪಲಿಯವರ ಸ್ಥಿತಿ ಮೇಲು. ಶ್ರೀಮಂತ ದೇಶಗಳಲ್ಲಿ ಇಂಥ ಹೋಲಿಕೆ ಮಾಡೋಣವೆಂದರೆ ಬರಿಗಾಲಿನ ಮಕ್ಕಳನ್ನು ಎಲ್ಲಿಂದ ತರುವುದು? ನಮ್ಮೂರಿನಲ್ಲಿ ಬಡತನದಿಂದಲೋ ರೂಢಿಯಿಂದಲೋ ಎರಡೂ ಬಗೆಯವರು ಒಂದೇ ಊರಲ್ಲಿದ್ದರು. ಗದ್ದೆಯ ಹುಣಿಯ ಮೇಲೆ ಬರಿಗಾಲಲ್ಲಿ ಶಾಲೆಗೆ ಹೋದ ನಮ್ಮ ಹಿರಿಯರ ಪಾದದ ಗುರುತು ಹೀಗೆ ಜಗತ್ತಿನ ವೈದ್ಯಶಾಸ್ತ್ರಕ್ಕೆ ಸೇರಿತು. ಆ ಲೇಖನವನ್ನು ಇಂದಿಗೂ ಉಲ್ಲೇಖಿಸುವವರಿದ್ದಾರೆ.

ಹಾಗಾದರೆ ಬರಿಗಾಲಲ್ಲೇ ಓಡಿಬಿಡೋಣವೇ? ಆ ಗಾಳಿಯೂ ಬೀಸಿತು. ಇಥಿಯೋಪಿಯಾದ ಅಬೆಬೆ ಬಿಕಿಲ 1960ರ ರೋಮ್ ಒಲಿಂಪಿಕ್ಸಿನಲ್ಲಿ ಕಲ್ಲು ಹಾಸಿದ ಬೀದಿಗಳ ಮೇಲೆ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಕಥೆ ಎಲ್ಲರಿಗೂ ಗೊತ್ತು. ಅದೇ ಬಿಕಿಲ 1964ರಲ್ಲಿ ಟೋಕಿಯೋದಲ್ಲಿ, ಕರುಳುಬಾಲದ ಶಸ್ತ್ರಚಿಕಿತ್ಸೆಯಾಗಿ ಐದಾರು ವಾರಗಳಲ್ಲೇ, ಬೂಟು ಹಾಕಿಕೊಂಡು ಮೂರು ನಿಮಿಷ ಬೇಗ ಓಡಿ ಮತ್ತೆ ಗೆದ್ದ ಕಥೆಯನ್ನು ಬರಿಗಾಲಿನ ಭಕ್ತರು ಹೇಳುವುದಿಲ್ಲ. 2009ರಲ್ಲಿ ಮೆಕ್ಸಿಕೋದ ತಾರಾಹುಮಾರ ಬುಡಕಟ್ಟಿನ ಓಟಗಾರರ ಬಗ್ಗೆ ಕ್ರಿಸ್ಟೋಫರ್ ಮೆಕ್‌ಡೂಗಲ್ ಬರೆದ ‘ಬಾರ್ನ್ ಟು ರನ್’ ಪುಸ್ತಕ ಬಂತು. 2010ರಲ್ಲಿ ಹಾರ್ವರ್ಡಿನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಬರೆದರು: ಚಿಕ್ಕಂದಿನಿಂದ ಬರಿಗಾಲಲ್ಲಿ ಓಡುವವರು ಹಿಮ್ಮಡಿಯ ಬದಲು ಹೆಚ್ಚಾಗಿ ಮುಂಗಾಲನ್ನು ಮೊದಲು ಊರುತ್ತಾರೆ, ಅದರಿಂದ ಊರಿದ ಕ್ಷಣದ ಏಟು ತಗ್ಗುತ್ತದೆ. ಅವರು ಹೇಳಿದ್ದು ಅಷ್ಟೆ. ಪೇಟೆ ಕೇಳಿಸಿಕೊಂಡದ್ದು ಬೇರೆ. ಕೈಗವಸಿನ ಹಾಗೆ ಐದು ಬೆರಳಿಗೂ ಬೇರೆಬೇರೆ ಗೂಡಿರುವ ತೆಳುಬೂಟು ಭರದಿಂದ ಮಾರಾಟವಾಯಿತು. 2013ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹತ್ತು ವಾರಗಳಲ್ಲಿ ಅಂಥ ಬೂಟಿಗೆ ಬದಲಾಯಿಸಿಕೊಂಡ 19 ಓಟಗಾರರ ಪೈಕಿ 10 ಮಂದಿಯ ಪಾದದ ಎಲುಬಿನೊಳಗೆ ಊತ ಹೆಚ್ಚಿತ್ತು. ಅದು ಬಿರುಕಿನ ಮುನ್ಸೂಚನೆ. ಪ್ರಷ್ಯಾದ ಸಿಪಾಯಿ ಮೂರನೆಯ ಸಲ ಕುಂಟುತ್ತ ಬಂದ! ಆ ಬೂಟಿನ ಕಂಪೆನಿ ವೈಬ್ರಮ್, ತಾನು ಹೇಳಿಕೊಂಡ ಆರೋಗ್ಯದ ಲಾಭಗಳ ಬಗ್ಗೆ ಹೂಡಿದ ದಾವೆಯನ್ನು 2014ರಲ್ಲಿ 37.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು.

ಓಡುವ ಶೈಲಿಯ ಕಥೆಯೂ ಇದಕ್ಕೆ ಅಂಟಿಕೊಂಡಿದೆ. 1984ರ ಒಲಿಂಪಿಕ್ಸಿನಲ್ಲಿ ಜ್ಯಾಕ್ ಡೇನಿಯಲ್ಸ್ ಎಂಬ ತರಬೇತುದಾರರು ಕುಳಿತು ಓಟಗಾರರ ಹೆಜ್ಜೆ ಎಣಿಸಿದರು. ದೂರದ ಓಟದವರಲ್ಲಿ ಬಹುತೇಕ ಎಲ್ಲರದೂ ನಿಮಿಷಕ್ಕೆ 180 ಅಥವಾ ಇನ್ನೂ ಹೆಚ್ಚು. ಅಂದಿನಿಂದ 180 ಒಂದು ಮಂತ್ರಸಂಖ್ಯೆಯಾಯಿತು. ನಿಧಾನವಾಗಿ ಓಡುವ ನಮ್ಮಂಥವರಿಗೆ ಅದು ಲಾಗೂ ಆಗಬೇಕಿಲ್ಲ. ಆದರೆ ವಿಸ್ಕಾನ್ಸಿನ್ನಿನ ಹೈಡರ್‌ಶೈಟ್ ತಂಡ 2011ರಲ್ಲಿ ತೋರಿಸಿದ ವಿಷಯ ಉಪಯುಕ್ತವಾದುದು: ವೇಗ ಹೆಚ್ಚಿಸದೆ, ಇರುವ ಹೆಜ್ಜೆಗಳನ್ನೇ ಶೇಕಡ 5ರಿಂದ 10ರಷ್ಟು ಚುರುಕು ಮಾಡಿ ಚಿಕ್ಕದಾಗಿಸಿದರೆ ಮಂಡಿಯ ಮೇಲಿನ ಭಾರ ಗಣನೀಯವಾಗಿ ಇಳಿಯುತ್ತದೆ. ಹಾಂಕಾಂಗಿನಲ್ಲಿ 320 ಹೊಸ ಓಟಗಾರರಲ್ಲಿ ಅರ್ಧ ಮಂದಿಗೆ ಎರಡು ವಾರ ಮೆಲ್ಲಗೆ ಕಾಲೂರುವುದನ್ನು ಕಲಿಸಿದರು. ಒಂದು ವರ್ಷದಲ್ಲಿ ಅವರ ನೋವುಗಳು ಉಳಿದವರಿಗಿಂತ ಶೇಕಡ 62ರಷ್ಟು ಕಡಿಮೆಯಾದವು. 2018ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಒಂದು ಸಣ್ಣ ಸಂಗತಿಯನ್ನು ಜನ ಗಮನಿಸುವುದಿಲ್ಲ. ಒಟ್ಟು ನೋವು ತಗ್ಗಿದರೂ, ಮೀನಖಂಡದ ಮತ್ತು ಹಿಮ್ಮಡಿಯ ಹಿಂಬದಿಯ ನಾರಿನ ತೊಂದರೆ ಕಲಿತವರಲ್ಲೇ ಹೆಚ್ಚು. ಸರಕಾರಿ ಭಾಷೆಯಲ್ಲಿ ಹೇಳುವುದಾದರೆ, ಶೈಲಿ ಬದಲಾಯಿಸಿದಾಗ ಭಾರ ರದ್ದಾಗುವುದಿಲ್ಲ, ವರ್ಗಾವಣೆಯಾಗುತ್ತದೆ. ಮಂಡಿ ನೋವಿನವನಿಗೆ ಆ ವರ್ಗಾವಣೆ ವರ. ಹಿಮ್ಮಡಿಯ ನಾರು ನೋಯುವವನಿಗೆ ಶಿಕ್ಷೆ. ಮುಂಗಾಲೂರಿ ಓಡು ಎಂದು ಎಲ್ಲರಿಗೂ ಒಂದೇ ಸುತ್ತೋಲೆ ಹೊರಡಿಸುವವರು ಇದನ್ನು ಮರೆಯುತ್ತಾರೆ.

ಇನ್ನು ಚಿಕಿತ್ಸೆ. 1978ರಲ್ಲಿ ಗೇಬ್ ಮರ್ಕಿನ್ ಎಂಬ ವೈದ್ಯರು ತಮ್ಮ ಪುಸ್ತಕದಲ್ಲಿ ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲೆತ್ತಿ ಇಡುವುದು ಎಂಬ ನಾಲ್ಕು ಉಪಾಯಗಳನ್ನು ಸೂಚಿಸಿ, ಅವುಗಳ ಇಂಗ್ಲಿಷ್ ಮೊದಲಕ್ಷರ ಕೂಡಿಸಿ ‘ರೈಸ್’ ಎಂದರು. ಹೆಸರು ಅನ್ನದಷ್ಟೇ ಸುಲಭವಾದ್ದರಿಂದ ಲೋಕವೆಲ್ಲ ಹರಡಿತು. ಅದೇ ಮರ್ಕಿನ್ 2014ರಲ್ಲಿ, ಮಂಜುಗಡ್ಡೆಯೂ ಪೂರ್ತಿ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದು ಎಂದು ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ಬರೆದ ಟಿಪ್ಪಣಿಯನ್ನು 36 ವರ್ಷದ ಮೇಲೆ ತಾನೇ ಹೊಡೆದುಹಾಕುವ ಧೈರ್ಯ ಎಷ್ಟು ಜನರಿಗಿದೆ? ಓಡುವ ಮುನ್ನ ಸ್ನಾಯು ಜಗ್ಗುವ ವ್ಯಾಯಾಮದ್ದೂ ಇದೇ ಗತಿ. ಆಸ್ಟ್ರೇಲಿಯದ 1538 ಸಿಪಾಯಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ (2000) ಅದರಿಂದ ಪೆಟ್ಟು ಕಡಿಮೆಯಾಗಲಿಲ್ಲ.

ನನಗೆ ಬಹಳ ಹಿಡಿಸಿದ್ದು ಸ್ವೀಡನ್ನಿನ ಉಮಿಯೋ ಪಟ್ಟಣದ ಹೋಕನ್ ಆಲ್ಫ್ರೆಡ್‌ಸನ್ ಅವರ ಕಥೆ. ಇವರೇ ಮೂಳೆ ವೈದ್ಯರು, ಇವರಿಗೇ ಹಿಮ್ಮಡಿಯ ಹಿಂಬದಿಯ ನಾರಿನ ನೋವು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತೇನೆಂದರೆ ಮೇಲಧಿಕಾರಿ ಒಪ್ಪಲಿಲ್ಲವಂತೆ. ರಜೆ ಕೊಡುವಷ್ಟು ಕೆಟ್ಟಿಲ್ಲ ಎಂದರಂತೆ. (ಮೇಲಧಿಕಾರಿಗಳು ಎಲ್ಲ ದೇಶದಲ್ಲೂ ಒಂದೇ.) ಹಾಗಾದರೆ ನಾರು ಹರಿದೇ ಹೋಗಲಿ, ಆಗ ಮಾಡಲೇಬೇಕಾಗುತ್ತದೆ ಎಂದು ಇವರು ಹಟಕ್ಕೆ ಬಿದ್ದು, ಮೆಟ್ಟಿಲಂಚಿನಲ್ಲಿ ಮುಂಗಾಲಿಟ್ಟು, ನೋಯುವ ಕಾಲಿನ ಹಿಮ್ಮಡಿಯನ್ನು ಭಾರ ಹೊತ್ತು ಕೆಳಗಿಳಿಸುತ್ತ ಹೋದರು. ನಾರು ಹರಿಯಲಿಲ್ಲ. ನೋವು ಹೋಯಿತು! 1998ರಲ್ಲಿ 15 ಓಟಗಾರರ ಮೇಲೆ ಇದನ್ನೇ ಕ್ರಮಬದ್ಧವಾಗಿ ಮಾಡಿ ಪ್ರಕಟಿಸಿದರು. ಮಂಡಿ ನೆಟ್ಟಗಿಟ್ಟು ಒಂದು ಬಗೆ, ತುಸು ಬಾಗಿಸಿ ಒಂದು ಬಗೆ, ಪ್ರತಿಯೊಂದೂ ಹದಿನೈದರಂತೆ ಮೂರು ಸಲ, ದಿನಕ್ಕೆ ಎರಡು ಹೊತ್ತು, ಹನ್ನೆರಡು ವಾರ. ಹದಿನೈದು ಮಂದಿಯೂ ಓಟಕ್ಕೆ ಮರಳಿದರು. ನೋಯುವ ಭಾಗಕ್ಕೆ ಬೇಕಾದದ್ದು ಹಾಸಿಗೆಯಲ್ಲ, ಅಳೆದು ಕೊಟ್ಟ ಭಾರ ಎಂಬುದು ಅಲ್ಲಿಂದ ಚಿಕಿತ್ಸೆಯ ಮುಖ್ಯ ದಾರಿಯಾಯಿತು. ವೋಲ್ಫರ ಮಾತು ನೂರು ವರ್ಷದ ಮೇಲೆ ನಾರಿಗೂ ಅನ್ವಯವಾದಂತಾಯಿತು.

ಅಂಗಾಲಿನ ಹಿಮ್ಮಡಿ ನೋವಿಗೆ, ಅಂದರೆ ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟಾಗ ಮುಳ್ಳು ಚುಚ್ಚಿದಂತಾಗುವ ನನ್ನ ನೋವಿಗೆ, ಡೆನ್ಮಾರ್ಕಿನ ರಾಥ್‌ಲೆಫ್ ಅವರು 2015ರಲ್ಲಿ ಇಂಥದೇ ಉಪಾಯ ಪ್ರಕಟಿಸಿದರು. ಮೆಟ್ಟಿಲಂಚಿನಲ್ಲಿ ಬೆರಳುಗಳ ಕೆಳಗೆ ಸುತ್ತಿದ ಟವೆಲಿಟ್ಟು, ಒಂಟಿ ಕಾಲಲ್ಲಿ ನಿಧಾನವಾಗಿ ಏರಿ ಇಳಿಯುವುದು. ದಿನ ಬಿಟ್ಟು ದಿನ. 48 ರೋಗಿಗಳಲ್ಲಿ ಮೂರು ತಿಂಗಳಿಗೆ ಇದು ಜಗ್ಗುವ ವ್ಯಾಯಾಮಕ್ಕಿಂತ ಮೇಲೆನಿಸಿತು. ಒಂದು ವರ್ಷದ ಹೊತ್ತಿಗೆ ಎರಡೂ ಸಮ. ನಮ್ಮ ಚಾಳಿನ ಮೆಟ್ಟಿಲ ಮೇಲೆ ನಾನು ಹೀಗೆ ಏರಿಳಿಯುವುದನ್ನು ಕಂಡು ನೆರೆಯ ಹಿರಿಯರು, "ಮಾರಾಯ್ರೇ, ಓಡಿ ಓಡಿ ಮಂಡಿ ಸವೆಸಿಕೊಳ್ಬೇಡಿ" ಎಂದು ಎಚ್ಚರಿಸಿದರು. ಅವರಿಗೆ ಸ್ಟ್ಯಾನ್‌ಫರ್ಡಿನ ಅಧ್ಯಯನ ಹೇಳಿದೆ: ನಡುವಯಸ್ಸು ದಾಟಿದ ಓಟಗಾರರ ಮಂಡಿಗಳನ್ನೂ ಓಡದವರ ಮಂಡಿಗಳನ್ನೂ ಸುಮಾರು ಎರಡು ದಶಕ ಕ್ಷಕಿರಣದಲ್ಲಿ ಹೋಲಿಸಿ 2008ರಲ್ಲಿ ಪ್ರಕಟಿಸಿದರು, ಓಡಿದವರ ಮಂಡಿ ಹೆಚ್ಚು ಸವೆದಿರಲಿಲ್ಲ. ಅವರು ನಂಬಿದಂತೆ ಕಾಣಲಿಲ್ಲ.

ಕಡತದ ಕೊನೆಯ ಹಾಳೆಗಳು ಎಷ್ಟು ಓಡಬೇಕು ಎಂಬುದರ ಬಗ್ಗೆ. ವಾರಕ್ಕೆ ಶೇಕಡ 10ಕ್ಕಿಂತ ಹೆಚ್ಚಿಸಬೇಡ ಎಂಬ ಸೂತ್ರವನ್ನು ಓಟದ ಪುಸ್ತಕಗಳೆಲ್ಲ ಹೇಳುತ್ತ ಬಂದಿವೆ. 2008ರಲ್ಲಿ ನೆದರ್ಲೆಂಡಿನ ಬೌಸ್ಟ್ ಮತ್ತು ಸಂಗಡಿಗರು ಹೊಸ ಓಟಗಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ನಿಧಾನದ ಸೂತ್ರ, ಇನ್ನೊಂದಕ್ಕೆ ರೂಢಿಯ ಎಂಟು ವಾರದ ಕ್ರಮ ಕೊಟ್ಟರು. ಎರಡರಲ್ಲೂ ಐವರಲ್ಲಿ ಒಬ್ಬರಿಗೆ ನೋವು. ಸೂತ್ರ ಬಿದ್ದುಹೋಯಿತೆಂದು ಕೆಲವರು ಸಂತೋಷಪಟ್ಟರು. ಆದರೆ 2025ರಲ್ಲಿ, ಕೈಗಡಿಯಾರದಲ್ಲೇ ದೂರ ದಾಖಲಾಗುವ 5205 ಓಟಗಾರರನ್ನು ಒಂದೂವರೆ ವರ್ಷ ಹಿಂಬಾಲಿಸಿದ ದೊಡ್ಡ ಅಧ್ಯಯನವೊಂದು ಬಂತು. ನೋವಿನ ಗುಟ್ಟು ವಾರದ ಮೊತ್ತದಲ್ಲಿ ಇರಲಿಲ್ಲ; ಒಂದೇ ಒಂದು ಓಟದಲ್ಲಿ ಇತ್ತು. ಹಿಂದಿನ 30 ದಿನಗಳ ಅತಿ ಉದ್ದದ ಓಟಕ್ಕಿಂತ ಶೇಕಡ 10ಕ್ಕೂ ಮೀರಿ ಒಂದು ದಿನ ಓಡಿದರೆ ಅಪಾಯ ಏರುತ್ತದೆ. ಶೇಕಡ 10ರಿಂದ 30ರಷ್ಟು ಮೀರಿದವರಲ್ಲಿ ಅದು ಶೇಕಡ 64 ಹೆಚ್ಚು. ಒಮ್ಮೆಗೇ ಇಮ್ಮಡಿ ಮಾಡಿದವರಲ್ಲಿ ಎರಡು ಪಟ್ಟಿಗೂ ಮೇಲೆ.

ಇದನ್ನು ಓದಿದ ದಿನ ನಾನು ಹಳೆಯ ಡೈರಿ ತೆಗೆದು ನೋಡಿದೆ. ಹಿಮ್ಮಡಿ ನೋವು ಶುರುವಾದದ್ದು ಒಂದು ಮಂಗಳವಾರ. ಅದರ ಹಿಂದಿನ ಭಾನುವಾರ, ಗೆಳೆಯರ ಹುರುಪಿಗೆ ಬಿದ್ದು, ಏಳು ಕಿಲೋಮೀಟರಿನವನು ಹದಿನಾಲ್ಕು ಓಡಿದ್ದೆ. ಅಂಗಡಿಯವನು ನನ್ನ ಹಿಮ್ಮಡಿಯನ್ನು ತೆರೆಯ ಮೇಲೆ ನೋಡಿದ್ದ, ಡೈರಿ ಕೇಳಿರಲಿಲ್ಲ. ನಾನೂ ತೋರಿಸಿರಲಿಲ್ಲ.

ಈಗ ಡೈರಿಯಲ್ಲಿ ಒಂದು ಹೊಸ ಕಲಂ ಎಳೆದಿದ್ದೇನೆ. ಕಳೆದ 30 ದಿನಗಳ ಅತಿ ಉದ್ದದ ಓಟ ಎಂಟು ಕಿಲೋಮೀಟರು. ಬರುವ ಭಾನುವಾರ ಎಂಟೂ ಮುಕ್ಕಾಲಿಗೆ ನಿಲ್ಲಬೇಕು.